ಇಬ್ಬರು ಗೈಡ್, ಎರಡು ಲ್ಯಾಬ್, ಅರ್ಜಿಯಲ್ಲಿ ಒಂದೇ ಕಾಲಂ

ವಿಜ್ಞಾನದಲ್ಲಿ ಸಂಶೋಧನಾ ಫೆಲೋಶಿಪ್‌ಗೂ ಕಾಲೇಜಿನಲ್ಲಿ ಪಾಠ ಮಾಡುವುದಕ್ಕೂ ಅರ್ಹತೆ ಕೊಡುವ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಗೆ ಅರ್ಜಿ ತುಂಬುವಾಗ ನಿಮ್ಮ ವಿಷಯ ಯಾವುದೆಂದು ಆರಿಸಬೇಕು. ಇರುವುದು ಐದೇ: ರಸಾಯನ ವಿಜ್ಞಾನ, ಭೂಮಿ-ವಾತಾವರಣಕ್ಕೆ ಸೇರಿದ ವಿಜ್ಞಾನಗಳು, ಜೀವ ವಿಜ್ಞಾನ, ಗಣಿತ, ಭೌತ ವಿಜ್ಞಾನ. ಯಾವುದಾದರೂ ಒಂದನ್ನು ಒತ್ತಬೇಕು. ಎರಡನ್ನು ಒತ್ತುವ ಹಾಗಿಲ್ಲ.

ಆರೇಳು ವರ್ಷ ಕಳೆಯುತ್ತದೆ. ಪಿಎಚ್‌.ಡಿ. ಕೈಗೆ ಬರುತ್ತದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಲು ಕೂತರೆ ಅಲ್ಲೂ ಅದೇ ಕಾಲಂ. ವಿಷಯ ಯಾವುದು? ಎಂ.ಎಸ್ಸಿ. ಯಾವುದರಲ್ಲಿ? ಬಿ.ಇ. ಯಾವ ಬ್ರಾಂಚ್?

ಈ ಎರಡು ಅರ್ಜಿಗಳ ನಡುವಿನ ವರ್ಷಗಳಲ್ಲಿ ಮಾತ್ರ ಎಲ್ಲರೂ ಬೇರೆ ರಾಗ ಹಾಡುತ್ತಾರೆ. ವಿಭಾಗಗಳ ಗೋಡೆ ಒಡೆಯಬೇಕು, ಎಂಜಿನಿಯರ್‌ಗಳು ಜೀವಶಾಸ್ತ್ರ ಕಲಿಯಬೇಕು, ಜೀವಶಾಸ್ತ್ರದವರು ಕೋಡ್ ಬರೆಯಬೇಕು, ನಾಳಿನ ಸಂಶೋಧನೆಯೆಲ್ಲ ಗಡಿಗಳಲ್ಲೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲಿ ತೆರೆದರೂ ಈ ಮಾತು ಕಣ್ಣಿಗೆ ಬೀಳುತ್ತದೆ. ಮಾತು ಸುಳ್ಳಲ್ಲ. ಆದರೆ ಗಡಿ ದಾಟಲು ಹೇಳುವವರು ಯಾರು, ದಾಟುವವರು ಯಾರು, ದಾಟುವಾಗ ಆಗುವ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ನೋಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಸಂಸ್ಥೆಗಳು ತಮ್ಮ ಗೋಡೆಗಳನ್ನು ಇದ್ದ ಹಾಗೇ ಇಟ್ಟುಕೊಂಡು, ಅವುಗಳನ್ನು ಹತ್ತಿ ಇಳಿಯುವ ಕೆಲಸವನ್ನು ಇಪ್ಪತ್ತೈದರ ಆಸುಪಾಸಿನ ವಿದ್ಯಾರ್ಥಿಗೆ ವಹಿಸಿವೆ. ಈ ಲೇಖನ ಆ ಲೆಕ್ಕದ ಬಗ್ಗೆ.

ಮೊದಲು ಪದದ ವಿಚಾರ. ಇಂಥ ಸಂಶೋಧನೆಗೆ ಕನ್ನಡದಲ್ಲಿ ‘ಅಂತರ್‌ಶಿಸ್ತೀಯ’ ಎನ್ನುತ್ತಾರೆ. ಬಾಯಿಗೂ ಕಷ್ಟ, ಕಿವಿಗೂ ಕಷ್ಟ. ಶಿಸ್ತು ಅಂದರೆ ನಮಗೆ ನೆನಪಾಗುವುದು ಶಾಲೆಯ ಪ್ರಾರ್ಥನೆಯ ಸಾಲು, ಪಿ.ಟಿ. ಮೇಷ್ಟ್ರು. ಹಾಗೆ ನೋಡಿದರೆ ಪದ ಪೂರ್ತಿ ತಪ್ಪೇನೂ ಅಲ್ಲ. ಎರಡು ಸಾಲುಗಳ ನಡುವೆ ನಿಂತ ಹುಡುಗನನ್ನು ಎರಡೂ ಕಡೆಯ ಮೇಷ್ಟ್ರು ಗದರುತ್ತಾರಲ್ವಾ, ಹಾಗೆ. ನಾನು ಇಲ್ಲಿ ಸುಮ್ನೆ ‘ಗಡಿ ದಾಟುವ ಪಿಎಚ್‌.ಡಿ.’ ಎಂದು ಕರೆಯುತ್ತೇನೆ.

ಟಾಟಾ ಇನ್‌ಸ್ಟಿಟ್ಯೂಟಿನ ಹಳೆಯ ಕಥೆಗಳು

ಗಡಿ ದಾಟುವುದು ಹೊಸ ವಿಚಾರ ಎಂಬಂತೆ ಮಾತಾಡುತ್ತೇವೆ. ಬೆಂಗಳೂರಿನವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಚರಿತ್ರೆ ನೋಡಿದರೆ ಹಾಗನಿಸುವುದಿಲ್ಲ.

ಜಿ.ಎನ್. ರಾಮಚಂದ್ರನ್ 1942ರಲ್ಲಿ ಅಲ್ಲಿಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ. ಅಲ್ಲಿಂದ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗಕ್ಕೆ ಹಾರಿದರು. ಆಮೇಲೆ ಮದ್ರಾಸಿನಲ್ಲಿ ಗೋಪಿನಾಥ ಕರ್ತಾ ಅವರ ಜೊತೆ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಗೆ ಕೈಹಾಕಿದರು. ನಮ್ಮ ಚರ್ಮ, ಮೂಳೆಗಳಲ್ಲಿ ತುಂಬಿಕೊಂಡಿರುವ ಈ ಪ್ರೋಟೀನು ಮೂರು ಎಳೆಯ ಜಡೆಯ ಹಾಗೆ ಹೆಣೆದುಕೊಂಡಿದೆ ಎಂದು 1950ರ ದಶಕದ ಮಧ್ಯದಲ್ಲಿ ತೋರಿಸಿಕೊಟ್ಟರು. 1963ರಲ್ಲಿ ಬಂತು ‘ರಾಮಚಂದ್ರನ್ ಪ್ಲಾಟ್’. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಆಗದು ಎಂದು ಹೇಳುವ ನಕ್ಷೆ ಅದು. ಇವತ್ತಿಗೂ ಕಂಪ್ಯೂಟರ್ ಕಟ್ಟಿಕೊಟ್ಟ ಪ್ರೋಟೀನ್ ರಚನೆ ಸರಿ ಇದೆಯಾ ಎಂದು ನೋಡಲು ಮೊದಲು ತೆರೆಯುವುದು ಅದೇ ನಕ್ಷೆಯನ್ನು. 1971ರಲ್ಲಿ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಶುರುಮಾಡಿದವರೂ ಅವರೇ. ಅದೇ ವರ್ಷ ಲಕ್ಷ್ಮೀನಾರಾಯಣನ್ ಅವರ ಜೊತೆ, ಎಕ್ಸ್-ರೇ ಚಿತ್ರಗಳಿಂದ ಒಳಗಿನ ರೂಪವನ್ನು ಗಣಿತದ ಮೂಲಕ ಕಟ್ಟುವ ಹೊಸ ದಾರಿಯೊಂದನ್ನು ಪ್ರಕಟಿಸಿದರು. ಸಿಟಿ ಸ್ಕ್ಯಾನ್ ನಿಂತಿರುವುದು ಈ ಬಗೆಯ ಗಣಿತದ ಮೇಲೆ. ಎಲೆಕ್ಟ್ರಿಕಲ್, ಭೌತಶಾಸ್ತ್ರ, ಜೀವಶಾಸ್ತ್ರ, ಗಣಿತ, ವೈದ್ಯಕೀಯ, ಎಲ್ಲ ಒಬ್ಬರದೇ ಬದುಕಿನಲ್ಲಿ.

ಇನ್ನೊಂದು ಕಥೆ ಹಳ್ಳಿಯದು. ಅಮೂಲ್ಯ ರೆಡ್ಡಿ ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ, ಅಂದರೆ ವಿದ್ಯುತ್ತಿಗೂ ರಸಾಯನಕ್ಕೂ ಇರುವ ನಂಟಿನ ವಿಜ್ಞಾನದಲ್ಲಿ, ದೊಡ್ಡ ಹೆಸರು. ಜಗತ್ತಿನಾದ್ಯಂತ ಓದುವ ಪಠ್ಯಪುಸ್ತಕವನ್ನು ಜಾನ್ ಬೋಕ್ರಿಸ್ ಜೊತೆ ಬರೆದವರು. ಸತೀಶ್ ಧವನ್ ಐಐಎಸ್‌ಸಿಯ ನಿರ್ದೇಶಕರಾಗಿದ್ದ ಕಾಲದಲ್ಲಿ, 1974ರಲ್ಲಿ, ರೆಡ್ಡಿ ‘ಅಸ್ತ್ರ’ ಶುರುಮಾಡಿದರು. ವಿಜ್ಞಾನ-ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಕ್ಕೆ ಒಯ್ಯುವ ಒಂದು ಘಟಕ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ. ಕಟ್ಟಿಗೆ ಕಡಿಮೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ, ಒಟ್ಟಿಗೆ ಮೂರು ಪಾತ್ರೆ ಇಡಬಹುದಾದ ‘ಅಸ್ತ್ರ ಒಲೆ’ ಅಲ್ಲಿಂದ ಬಂತು. ಎಷ್ಟೋ ಊರುಗಳಲ್ಲಿ ಐಐಎಸ್‌ಸಿ ಹೆಸರು ಕೇಳದ ಅಜ್ಜಿಯರಿಗೂ ಅಸ್ತ್ರ ಒಲೆ ಗೊತ್ತಿತ್ತು. ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್ ಅವರಂಥವರು ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಒಲೆ ಮಾಡಲು ಉಷ್ಣದ ಲೆಕ್ಕ ಬೇಕು, ಉರಿಯುವ ರಸಾಯನ ತಿಳಿದಿರಬೇಕು, ಕಟ್ಟಿಗೆ ತರುವ ಹೆಂಗಸು ದಿನಕ್ಕೆ ಎಷ್ಟು ದೂರ ನಡೆಯುತ್ತಾಳೆ ಎಂಬುದೂ ಗೊತ್ತಿರಬೇಕು. ಅದಕ್ಕೆ ಯಾವ ವಿಭಾಗವೂ ಒಂಟಿಯಾಗಿ ಸಾಲದು.

ಈ ಕಥೆಗಳನ್ನು ಸಮಾರಂಭಗಳಲ್ಲಿ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಒಂದು ಸಣ್ಣ ವಿವರ ಮಾತ್ರ ಬಿಟ್ಟುಹೋಗುತ್ತದೆ. ರಾಮಚಂದ್ರನ್ ಕೊಲಾಜೆನ್‌ಗೆ ಕೈಹಾಕಿದಾಗ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ರೆಡ್ಡಿ ಅಸ್ತ್ರ ಕಟ್ಟುವ ಹೊತ್ತಿಗೆ ಅವರ ಪುಸ್ತಕ ಬಂದು ನಾಲ್ಕು ವರ್ಷವಾಗಿತ್ತು, ಕೆಲಸ ಗಟ್ಟಿಯಾಗಿತ್ತು. ಅಂದರೆ ಒಂದು ಕಡೆ ಬೇರು ಬಿಟ್ಟ ಮೇಲೆ ಇನ್ನೊಂದು ಕಡೆಗೆ ಕೊಂಬೆ ಚಾಚಿದವರು ಅವರು. ಚಾಚಿದ್ದು ಫಲ ಕೊಡದಿದ್ದರೂ ಮನೆಗೆ ಸಂಬಳ ಬರುತ್ತಿತ್ತು. ನಾವು ಈಗ ಕೇಳುತ್ತಿರುವುದು ಬೇರೆ. ಬೇರೇ ಇಲ್ಲದವರಿಗೆ, ಫೆಲೋಶಿಪ್ ದುಡ್ಡಿನಲ್ಲಿ ಬದುಕುವವರಿಗೆ, ಮೊದಲ ದಿನವೇ ಎರಡೂ ಕಡೆ ಚಾಚು ಎನ್ನುತ್ತಿದ್ದೇವೆ.

ವೆಂಕಿ ರಾಮಕೃಷ್ಣನ್ ಅವರ ಉದಾಹರಣೆಯನ್ನೂ ಎಲ್ಲರೂ ಕೊಡುತ್ತಾರೆ. ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ರಚನೆಗೆ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಅವರ ಪಿಎಚ್‌.ಡಿ. ಭೌತಶಾಸ್ತ್ರದಲ್ಲಿ, ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಿಂದ, 1976ರಲ್ಲಿ. ಅದು ಮುಗಿದ ಮೇಲೆ ಜೀವಶಾಸ್ತ್ರ ಕಲಿಯಲು ಅವರು ಸ್ಯಾನ್ ಡಿಯಾಗೋದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸೇರಿ ಎರಡು ವರ್ಷ ತರಗತಿಯಲ್ಲಿ ಕೂತರು. ಈ ಎರಡು ವರ್ಷ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು ವಿಷಯವನ್ನು ನಿಜಕ್ಕೂ ಕಲಿಯಲು ಅಷ್ಟು ಸಮಯ ಹಿಡಿಯುತ್ತದೆ. ನಮ್ಮ ಕಾರ್ಯಕ್ರಮಗಳು ಅದನ್ನು ಎರಡು ಸೆಮಿಸ್ಟರಿನ ಕೋರ್ಸ್‌ವರ್ಕಿನಲ್ಲಿ ಮುಗಿಸಿಬಿಡುತ್ತವೆ. ಆ ಎರಡು ಸೆಮಿಸ್ಟರಿನಲ್ಲೇ ಸಂಶೋಧನೆಯ ವಿಷಯವೂ ಗಟ್ಟಿಯಾಗಬೇಕು.

ಒಳಗೆ ಹೋದ ಮೇಲೆ

ಈಗ ಐಐಎಸ್‌ಸಿಯಲ್ಲಿ ಇಂಥ ಪಿಎಚ್‌.ಡಿ.ಗೆಂದೇ ವ್ಯವಸ್ಥೆ ಇದೆ. ಬಯೋ ಎಂಜಿನಿಯರಿಂಗ್, ನ್ಯಾನೊ ವಿಜ್ಞಾನ, ಸೈಬರ್-ಫಿಸಿಕಲ್ ಸಿಸ್ಟಮ್ಸ್ ಹೀಗೆ ಹಲವು ಕವಲು. ಬಯೋ ಎಂಜಿನಿಯರಿಂಗ್‌ನಲ್ಲಿ ವಿದ್ಯಾರ್ಥಿಗೆ ಇಬ್ಬರು ಗೈಡ್. ಒಬ್ಬರು ಎಂಜಿನಿಯರಿಂಗ್ ಅಥವಾ ಭೌತ ವಿಜ್ಞಾನದ ಕಡೆಯವರು, ಇನ್ನೊಬ್ಬರು ಜೀವ ವಿಜ್ಞಾನದ ಕಡೆಯವರು. ಬಿ.ಟೆಕ್. ಮಾಡಿದವರೂ ಬರುತ್ತಾರೆ, ಎಂ.ಎಸ್ಸಿ. ಮಾಡಿದವರೂ ಬರುತ್ತಾರೆ, ಎಂಬಿಬಿಎಸ್ ಮುಗಿಸಿದವರೂ ಬರಬಹುದು. ಕಾಗದದ ಮೇಲೆ ಇದು ಚೆನ್ನಾಗಿದೆ. ಬಹಳ ಸಲ ನಿಜವಾಗಿಯೂ ಚೆನ್ನಾಗಿಯೇ ನಡೆಯುತ್ತದೆ.

ಕಷ್ಟ ಎಲ್ಲಿ ಬರುತ್ತದೆ ಅಂದರೆ ಮೊದಲು ಮಾತಿನಲ್ಲಿ. ‘ಮಾಡೆಲ್’ ಎಂದರೆ ಎಂಜಿನಿಯರ್‌ಗೆ ಸಮೀಕರಣಗಳ ಒಂದು ಕಟ್ಟು. ಜೀವಶಾಸ್ತ್ರದವರಿಗೆ ಅದು ಇಲಿಯೋ ಹಣ್ಣುನೊಣವೋ ಯೀಸ್ಟೋ. ಮಷಿನ್ ಲರ್ನಿಂಗ್‌ನವರಿಗೆ ಡೇಟಾ ತಿನ್ನಿಸಿ ಬೆಳೆಸಿದ ಪ್ರೋಗ್ರಾಂ. ‘ವೆಕ್ಟರ್’ ಎಂದರೆ ಗಣಿತದವರಿಗೆ ದಿಕ್ಕೂ ಅಳತೆಯೂ ಇರುವ ಒಂದು ವಸ್ತು. ಮಲೇರಿಯಾ ಸಂಶೋಧಕರಿಗೆ ಸೊಳ್ಳೆ. ಜೀನ್ ಬದಲಿಸುವವರಿಗೆ, ಆ ಜೀನನ್ನು ಜೀವಕೋಶದೊಳಗೆ ಹೊತ್ತೊಯ್ಯುವ ಡಿಎನ್‌ಎ ಉಂಗುರ. ‘ಪ್ಲಾಸ್ಮಾ’ ಒಬ್ಬರಿಗೆ ರಕ್ತದ ನೀರಂಶ, ಇನ್ನೊಬ್ಬರಿಗೆ ಸೂರ್ಯನಲ್ಲಿರುವ ಬಿಸಿ ಅನಿಲ. ಎರಡು ಲ್ಯಾಬಿನವರು ಒಂದೇ ಮೇಜಿನ ಸುತ್ತ ಕೂತು ಅರ್ಧ ಗಂಟೆ ಒಂದೇ ಪದ ಬಳಸಿ ಬೇರೆ ಬೇರೆ ವಿಷಯ ಮಾತಾಡಬಹುದು. ಅದು ಯಾರಿಗೂ ಗೊತ್ತಾಗದೆಯೂ ಇರಬಹುದು. ಗೊತ್ತಾಗುವುದು ನಡುವೆ ಕೂತ ವಿದ್ಯಾರ್ಥಿಗೆ. ದುಭಾಷಿ ಕೆಲಸ ಅವಳದೇ. ಅದಕ್ಕೆ ಕ್ರೆಡಿಟ್ ಇಲ್ಲ, ಥೀಸಿಸ್‌ನಲ್ಲಿ ಅಧ್ಯಾಯವೂ ಇಲ್ಲ.

ಆಮೇಲೆ ಸಮಯದ ಅಳತೆ. ಕಂಪ್ಯೂಟರ್ ಮೇಲೆ ಒಂದು ಸಿಮ್ಯುಲೇಷನ್ ರಾತ್ರಿ ಹಚ್ಚಿಟ್ಟರೆ ಬೆಳಗ್ಗೆ ಮುಗಿದಿರಬಹುದು. ಜೀವಕೋಶ ಬೆಳೆಸಲು ವಾರಗಳು ಬೇಕು. ಇಲಿಯ ಮೇಲಿನ ಪ್ರಯೋಗಕ್ಕೆ ತಿಂಗಳುಗಳು ಬೇಕು, ಅದಕ್ಕೂ ಮೊದಲು ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ‘ಕಳೆದ ವಾರದ ಮೀಟಿಂಗಿನಿಂದ ಈ ವಾರಕ್ಕೆ ಏನು ಹೊಸದು?’ ಎಂದು ಕೇಳುವ ಗೈಡ್ ಒಬ್ಬರು, ‘ಅವಸರ ಮಾಡಬೇಡ, ಇನ್ನೊಂದು ಸಲ ಮಾಡಿ ನೋಡು’ ಎನ್ನುವ ಗೈಡ್ ಇನ್ನೊಬ್ಬರು. ಇಬ್ಬರೂ ತಮ್ಮ ಲೋಕದಲ್ಲಿ ಸರಿ. ಸಿಕ್ಕಿಕೊಳ್ಳುವವಳು ಒಬ್ಬಳೇ.

ಇನ್ನು ಪೇಪರ್ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಿಜವಾದ ಮನಸ್ತಾಪಗಳು ಹುಟ್ಟುವುದು ಇಲ್ಲೇ. ಕಂಪ್ಯೂಟರ್ ಸೈನ್ಸ್‌ನಲ್ಲಿ ದೊಡ್ಡ ಕಾನ್ಫರೆನ್ಸಿನ ಪೇಪರ್‌ಗೆ ಜರ್ನಲ್ ಪೇಪರಿನಷ್ಟೇ, ಕೆಲವು ಸಲ ಅದಕ್ಕಿಂತ ಜಾಸ್ತಿ ಬೆಲೆ. ಜೀವಶಾಸ್ತ್ರದಲ್ಲಿ ಕಾನ್ಫರೆನ್ಸಿನಲ್ಲಿ ಪೋಸ್ಟರ್ ಅಂಟಿಸಿ ಬಂದದ್ದನ್ನು ಯಾರೂ ಪ್ರಕಟಣೆ ಎಂದು ಎಣಿಸುವುದಿಲ್ಲ. ಹೆಸರಿನ ಸಾಲೂ ಬೇರೆ. ಜೀವಶಾಸ್ತ್ರದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದು. ಗಣಿತದಲ್ಲಿ ಅಕ್ಷರಾನುಕ್ರಮ, ಅಷ್ಟೆ. ಹಾಗಾದರೆ ಇಬ್ಬರು ಗೈಡ್ ಇದ್ದ ಪೇಪರಿನಲ್ಲಿ ಕೊನೆಯ ಹೆಸರು ಯಾರದು? ಇಬ್ಬರಿಗೂ ಬಡ್ತಿಯ ಅರ್ಜಿ ಇರುತ್ತದೆ, ಇಬ್ಬರಿಗೂ ಆ ಜಾಗ ಬೇಕು. ಪೇಪರ್ ಬರೆದು ಮುಗಿದು, ಈ ಒಂದು ಸಾಲಿಗಾಗಿ ತಿಂಗಳುಗಟ್ಟಲೆ ಕಡತದಲ್ಲಿ ಕೂತಿರುವುದು ಈ ಲೋಕದಲ್ಲಿ ಹೊಸ ಸುದ್ದಿಯೇನಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಇದಕ್ಕೆಂದೇ ಮಾಡಿದ ಹಾಗಿದೆ.

ದುಡ್ಡಿನದೂ ಅದೇ ಕಥೆ. ಸಿಎಸ್‌ಐಆರ್ ಫೆಲೋಶಿಪ್ ಜೊತೆ ವರ್ಷಕ್ಕೆ 20,000 ರೂಪಾಯಿ ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಚಿಲ್ಲರೆ ಖರ್ಚಿನ ಹಣ, ಸಿಗುತ್ತದೆ. ಪ್ರಯೋಗಕ್ಕೆ ಬೇಕಾದ ಒಂದು ಆಂಟಿಬಾಡಿ ಸೀಸೆಗೇ ಅದು ಸಾಲದೆ ಹೋಗಬಹುದು. ಉಳಿದದ್ದು ಗೈಡ್‌ನ ಪ್ರಾಜೆಕ್ಟಿನಿಂದ ಬರಬೇಕು. ಯಾವ ಗೈಡ್‌ನ? ಪ್ರಾಜೆಕ್ಟ್ ಮಂಜೂರಾದದ್ದು ಒಬ್ಬರ ಹೆಸರಲ್ಲಿ, ಪ್ರಯೋಗ ನಡೆಯುವುದು ಇನ್ನೊಬ್ಬರ ಲ್ಯಾಬಿನಲ್ಲಿ. ಸಾಮಾನ್ಯ ಪಿಎಚ್‌.ಡಿ. ವಿದ್ಯಾರ್ಥಿ ಇಂಥ ಪ್ರಶ್ನೆಯನ್ನು ಕೇಳಬೇಕಾಗಿಯೇ ಬರುವುದಿಲ್ಲ.

ಗಡಿಯಾರ ಎರಡೂ ಕಡೆಗೆ ಒಂದೇ

ಈಗ ಕಾಲದ ಲೆಕ್ಕ ಹಾಕೋಣ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಎರಡು ವರ್ಷ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಮೂರು ವರ್ಷ. ಒಟ್ಟು ಐದು. 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ, ಎಸ್‌ಆರ್‌ಎಫ್ 35,000ದಿಂದ 42,000 ರೂಪಾಯಿಗೆ ಏರಿತು. ಮನೆ ಬಾಡಿಗೆ ಭತ್ಯೆ ಬೇರೆ. ಅದಕ್ಕಾಗಿ ದೇಶದ ಎಷ್ಟೋ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು ಎಂಬುದೂ ನೆನಪಿರಲಿ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ಪರವಾಗಿಲ್ಲ. ಮೊದಲ ಎರಡು ವರ್ಷ 70,000, ಮೂರನೇ ವರ್ಷ 75,000, ಕೊನೆಯ ಎರಡು ವರ್ಷ 80,000, ಜೊತೆಗೆ ವರ್ಷಕ್ಕೆ ಎರಡು ಲಕ್ಷದ ಸಂಶೋಧನಾ ಹಣ. ಆದರೆ ಅದು ಸಿಗುವುದು ಕೆಲವರಿಗೆ.

ಎಲ್ಲ ಫೆಲೋಶಿಪ್‌ಗಳಲ್ಲೂ ಸಾಮಾನ್ಯವಾದದ್ದು ಆ ಐದು ವರ್ಷ. ಭೌತಶಾಸ್ತ್ರ ಓದಿ ಭೌತಶಾಸ್ತ್ರದಲ್ಲೇ ಪಿಎಚ್‌.ಡಿ. ಮಾಡುವವರಿಗೂ ಐದು, ಭೌತಶಾಸ್ತ್ರ ಓದಿ ನರವಿಜ್ಞಾನಕ್ಕೆ ಹೋದವರಿಗೂ ಐದು. ಎರಡನೆಯವರು ಮೊದಲ ಒಂದೂವರೆ ವರ್ಷ ಭಾಷೆ ಕಲಿಯುವುದರಲ್ಲೇ ಕಳೆದಿರುತ್ತಾರೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಮತ್ತು ಶೇ 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಎರಡು. ನೋಂದಣಿ ಮುಂದುವರಿಯುತ್ತದೆ, ಸರಿ. ದುಡ್ಡು ನಿಂತಿರುತ್ತದೆ. ಐದನೇ ವರ್ಷ ಮುಗಿದು ಥೀಸಿಸ್ ಇನ್ನೂ ಬಾಕಿ ಇರುವ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವುದು ಹೇಗೆ ಎಂಬುದಕ್ಕೆ ನಿಯಮದಲ್ಲಿ ಉತ್ತರ ಇಲ್ಲ. ಗೈಡ್‌ನ ಪ್ರಾಜೆಕ್ಟಿನಲ್ಲಿ ಜಾಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊರದೇಶದವರು ಇದನ್ನು ಹೇಗೆ ನಿಭಾಯಿಸಿದರು? ಅಮೆರಿಕದಲ್ಲಿ ಎಷ್ಟೋ ಪಿಎಚ್‌.ಡಿ. ವಿದ್ಯಾರ್ಥಿಗಳ ಸ್ಟೈಪೆಂಡ್ ಗೈಡ್‌ನ ಪ್ರಾಜೆಕ್ಟಿನಿಂದ ಬರುತ್ತದೆ. ಅಂಥವರಿಗೆ ಗೈಡ್‌ನ ಪ್ರಾಜೆಕ್ಟ್ ಎಷ್ಟು ಅಗಲವೋ ಲೋಕವೂ ಅಷ್ಟೇ ಅಗಲ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) 1990ರ ದಶಕದ ಕೊನೆಯಲ್ಲಿ ‘ಐಗರ್ಟ್’ ಎಂಬ ಯೋಜನೆ ತಂದಿತು. ಅದರ ಜಾಣತನ ಇದ್ದದ್ದು ದುಡ್ಡಿನ ದಾರಿಯಲ್ಲಿ. ಹಣ ಗೈಡ್‌ಗೆ ಹೋಗದೆ, ಹಲವು ವಿಭಾಗ ಸೇರಿ ಕಟ್ಟಿದ ತರಬೇತಿ ಕಾರ್ಯಕ್ರಮಕ್ಕೆ ಹೋಯಿತು. ಅಲ್ಲಿಂದ ವಿದ್ಯಾರ್ಥಿಗೆ ನೇರ ಸ್ಟೈಪೆಂಡ್, ವರ್ಷಕ್ಕೆ 30,000 ಡಾಲರ್. ತನ್ನ ಊಟದ ಚೀಟಿ ಯಾವ ಒಬ್ಬ ಗೈಡ್‌ನ ಕೈಯಲ್ಲೂ ಇಲ್ಲದಿದ್ದಾಗ ವಿದ್ಯಾರ್ಥಿ ಇನ್ನೊಂದು ಲ್ಯಾಬಿಗೆ ಹೋಗಿ ಆರು ತಿಂಗಳು ಕೂರಬಹುದು. 2014ರಲ್ಲಿ ಅದರ ಜಾಗಕ್ಕೆ ‘ಎನ್‌ಆರ್‌ಟಿ’ ಬಂತು. ವಿಶ್ವವಿದ್ಯಾಲಯದ ಹೊರಗಿನ ಕೆಲಸಗಳಿಗೂ ವಿದ್ಯಾರ್ಥಿಗಳನ್ನು ತಯಾರು ಮಾಡಬೇಕು ಎಂದು ಅದು ಬಾಯಿಬಿಟ್ಟೇ ಹೇಳಿತು. ಪಿಎಚ್‌.ಡಿ. ಮಾಡಿದವರೆಲ್ಲ ಪ್ರೊಫೆಸರ್ ಆಗುವುದಿಲ್ಲ ಎಂಬ ಬರಿಗಣ್ಣಿಗೆ ಕಾಣುವ ಸತ್ಯವನ್ನು ಒಪ್ಪಿಕೊಳ್ಳಲು ಅಷ್ಟು ವರ್ಷ ಬೇಕಾಯಿತು.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ‘ಸೆಂಟರ್ ಫಾರ್ ಡಾಕ್ಟೋರಲ್ ಟ್ರೈನಿಂಗ್’ ಎಂಬ ಕೇಂದ್ರಗಳಿವೆ. 2024ರ ಮಾರ್ಚ್‌ನಲ್ಲಿ 65 ಕೇಂದ್ರಗಳನ್ನು ಘೋಷಿಸಿದರು. ಸರ್ಕಾರ, ಉದ್ಯಮ, ವಿಶ್ವವಿದ್ಯಾಲಯ ಎಲ್ಲರ ಪಾಲು ಸೇರಿ ಸುಮಾರು 100 ಕೋಟಿ ಪೌಂಡ್, 4,000ದಷ್ಟು ವಿದ್ಯಾರ್ಥಿಗಳು. ಅಲ್ಲಿನ ಮುಖ್ಯ ಉಪಾಯ ಬ್ಯಾಚು. ಒಂದೇ ವರ್ಷ ಸೇರಿದ ಗಣಿತದವರು, ಎಂಜಿನಿಯರ್‌ಗಳು, ಜೀವಶಾಸ್ತ್ರದವರು ಒಟ್ಟಿಗೆ ಕಲಿಯುತ್ತಾರೆ, ಒಟ್ಟಿಗೆ ಒದ್ದಾಡುತ್ತಾರೆ. ನನಗೆ ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ವಿಷಯ ಇದೇ. ಡಿಫರೆನ್ಷಿಯಲ್ ಈಕ್ವೇಷನ್ ಅಂದರೆ ಏನು ಎಂದು ಗೈಡ್‌ನ ಹತ್ತಿರ ಕೇಳಲು ನಾಚಿಕೆ. ಹಾಸ್ಟೆಲಿನ ಪಕ್ಕದ ರೂಮಿನವಳ ಹತ್ತಿರ ಕೇಳಲು ನಾಚಿಕೆ ಇಲ್ಲ. ನಮ್ಮಲ್ಲಿ ಹಾಸ್ಟೆಲ್ ಇದೆ, ಪಕ್ಕದ ರೂಮೂ ಇದೆ. ಆದರೆ ಗಡಿ ದಾಟುವ ವಿದ್ಯಾರ್ಥಿಗಳು ಇಬ್ಬರು ಇಲ್ಲಿ, ಮೂವರು ಅಲ್ಲಿ ಎಂದು ವಿಭಾಗ ವಿಭಾಗಗಳಿಗೆ ಚದುರಿಹೋದರೆ ಬ್ಯಾಚು ಅನ್ನುವುದೇ ಆಗುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಫಲ ಸಿಗುತ್ತದಾ? ಸಿಗುತ್ತದೆ, ಆದರೆ ಬೇಗ ಅಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಮೂವರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಅಲ್ಲಿನ ಸಂಶೋಧನಾ ಮಂಡಳಿಗೆ ಐದು ವರ್ಷಗಳಲ್ಲಿ ಬಂದ 18,476 ಪ್ರಾಜೆಕ್ಟ್ ಅರ್ಜಿಗಳನ್ನು ಜಾಲಾಡಿ ನೋಡಿದಾಗ, ವಿಷಯಗಳ ನಡುವಿನ ದೂರ ಹೆಚ್ಚಿದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆಯಾಗುತ್ತಿತ್ತು. 2017ರಲ್ಲಿ ಎರಿನ್ ಲೀಹಿ ಮತ್ತು ಜೊತೆಗಾರರು ಅಮೆರಿಕದ ವಿಜ್ಞಾನಿಗಳ ಪ್ರಕಟಣೆಗಳನ್ನು ನೋಡಿದರು. ಗಡಿ ದಾಟುವವರ ಪೇಪರ್‌ಗಳನ್ನು ಉಳಿದವರು ಜಾಸ್ತಿ ಉಲ್ಲೇಖಿಸುತ್ತಾರೆ, ಆದರೆ ಅವರು ಬರೆಯುವ ಪೇಪರ್‌ಗಳ ಸಂಖ್ಯೆಯೇ ಕಡಿಮೆ. ಹೆಸರು ಬರುತ್ತದೆ, ಎಣಿಕೆ ಕಡಿಮೆಯಾಗುತ್ತದೆ. ಗಟ್ಟಿ ಕೆಲಸ ಇರುವ ಪ್ರೊಫೆಸರ್‌ಗೆ ಇದು ಒಳ್ಳೆಯ ವ್ಯಾಪಾರ. ಕೆಲಸ ಹುಡುಕುತ್ತಿರುವವರ ಕಥೆ ಹಾಗಲ್ಲ. ಆಯ್ಕೆ ಸಮಿತಿಗಳು ಮೊದಲು ಮಾಡುವುದು ಎಣಿಕೆ. ಉಲ್ಲೇಖಗಳು ಬೆಳೆಯಲು ವರ್ಷಗಳು ಬೇಕು.

ಹೊರಗೆ ಬಂದ ಮೇಲೆ

ಕಾಲೇಜು, ವಿಶ್ವವಿದ್ಯಾಲಯಗಳ ನೇಮಕಾತಿಗೆ ಯುಜಿಸಿಯ 2018ರ ನಿಯಮದಲ್ಲಿ ಶೇ 55 ಅಂಕದ ಸ್ನಾತಕೋತ್ತರ ಪದವಿ ಇರಬೇಕು, ಅದು ‘ಸಂಬಂಧಪಟ್ಟ, ಪ್ರಸ್ತುತ ಅಥವಾ ಹತ್ತಿರದ’ ವಿಷಯದಲ್ಲಿ ಇರಬೇಕು. ಹತ್ತಿರ ಅಂದರೆ ಎಷ್ಟು ಹತ್ತಿರ? ಅದನ್ನು ಅರ್ಜಿ ಪರಿಶೀಲಿಸುವವರು ತೀರ್ಮಾನಿಸುತ್ತಾರೆ. ಎಂಜಿನಿಯರಿಂಗ್ ಕಾಲೇಜಾದರೆ ಇನ್ನೂ ಬಿಗಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ನಿಯಮದ ಪ್ರಕಾರ ಸಂಬಂಧಪಟ್ಟ ಬ್ರಾಂಚ್‌ನಲ್ಲಿ ಬಿ.ಇ. ಮತ್ತು ಎಂ.ಇ. ಬೇಕು. ಬಿ.ಎಸ್ಸಿ., ಎಂ.ಎಸ್ಸಿ. ಭೌತಶಾಸ್ತ್ರ ಓದಿ, ದೇಶದ ಅತ್ಯುತ್ತಮ ಸಂಸ್ಥೆಯೊಂದರಲ್ಲಿ ಬಯೋ ಎಂಜಿನಿಯರಿಂಗ್ ಪಿಎಚ್‌.ಡಿ. ಮಾಡಿದವರು ನಮ್ಮ ಜಿಲ್ಲೆಯೊಂದರ ಎಂಜಿನಿಯರಿಂಗ್ ಕಾಲೇಜಿನ ಬಯೋಮೆಡಿಕಲ್ ವಿಭಾಗದಲ್ಲಿ ಪಾಠ ಮಾಡಲು ಅರ್ಹರಲ್ಲ. ಅತ್ತ ಭೌತಶಾಸ್ತ್ರ ವಿಭಾಗಕ್ಕೆ ಹೋದರೆ, ‘ನಿಮ್ಮ ಸಂಶೋಧನೆ ನಮ್ಮದಲ್ಲವಲ್ಲ’ ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ.

2025ರ ಜನವರಿಯಲ್ಲಿ ಯುಜಿಸಿ ಹೊಸ ನೇಮಕಾತಿ ನಿಯಮದ ಕರಡು ಹೊರಡಿಸಿತು. ಅದರಲ್ಲಿ ಒಂದು ಒಳ್ಳೆಯ ಅಂಶ ಇತ್ತು. ಪದವಿ ಯಾವುದೇ ಇರಲಿ, ಪಿಎಚ್‌.ಡಿ. ಅಥವಾ ನೆಟ್ ಯಾವ ವಿಷಯದಲ್ಲಿದೆಯೋ ಆ ವಿಷಯದಲ್ಲಿ ಪಾಠ ಮಾಡಲು ಅರ್ಹತೆ ಕೊಡಬಹುದು ಎಂದು. ಆದರೆ ಅದೇ ಕರಡಿನಲ್ಲಿ ಕುಲಪತಿಗಳ ನೇಮಕದ ಅಧಿಕಾರವನ್ನು ರಾಜ್ಯಗಳ ಕೈಯಿಂದ ಜಾರಿಸುವ ಅಂಶಗಳೂ ಇದ್ದವು. ಕರ್ನಾಟಕ, ಕೇರಳ, ತಮಿಳುನಾಡು ಸಿಡಿದೆದ್ದವು. ಫೆಬ್ರುವರಿಯಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲೇ ಸೇರಿ ವಿರೋಧಿಸಿದರು. ಆ ವಿರೋಧಕ್ಕೆ ಕಾರಣ ಇತ್ತು, ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಆ ಗದ್ದಲದಲ್ಲಿ ವಿಷಯ ಬದಲಿಸಿದ ಸಂಶೋಧಕರ ಪಾಲಿನ ಆ ಒಂದು ಅಂಶದ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಎರಡನ್ನು ಒಂದೇ ಚೀಲದಲ್ಲಿ ಕಟ್ಟಿದ್ದು ತಪ್ಪು, ಚೀಲವನ್ನು ಬಿಚ್ಚಿ ನೋಡದೇ ಇದ್ದದ್ದೂ ತಪ್ಪು.

ಖಾಸಗಿ ಕಂಪನಿಗಳಲ್ಲಿ ಕಥೆ ಬೇರೆ. ಸ್ಕ್ಯಾನಿಂಗ್ ಯಂತ್ರ ತಯಾರಿಸುವ ಕಂಪನಿಗೆ ಭೌತಶಾಸ್ತ್ರವೂ ಕೋಡಿಂಗೂ ಶರೀರಶಾಸ್ತ್ರವೂ ಬರುವ ಒಬ್ಬರು ಸಿಕ್ಕರೆ ಹಬ್ಬ. ಅವರು ಎಂ.ಎಸ್ಸಿ. ಮಾಡಿದ್ದು ಯಾವುದರಲ್ಲಿ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಕೆಲಸಗಳಿವೆ, ಜಿಕೆವಿಕೆ ಆವರಣದ ಸಿ-ಕ್ಯಾಂಪ್‌ನಂಥ ಕಡೆ ನವೋದ್ಯಮಗಳೂ ಬೆಳೆದಿವೆ. ಹೀಗಾಗಿ ವಿಚಿತ್ರವಾದದ್ದೊಂದು ನಡೆಯುತ್ತಿದೆ. ಸಾರ್ವಜನಿಕ ಹಣದಲ್ಲಿ ತರಬೇತಿ ಪಡೆದ, ಎರಡು ವಿಷಯ ಬಲ್ಲ ಮೇಷ್ಟ್ರು ಬೇಕಾಗಿರುವುದು ಸರ್ಕಾರಿ ಕಾಲೇಜುಗಳಿಗೆ. ಅವರನ್ನು ಒಳಗೆ ಬಿಡದಿರುವುದೂ ಅವೇ.

ಇದಕ್ಕೆಲ್ಲ ಒಂದು ಗಟ್ಟಿಯಾದ ಪ್ರತಿವಾದ ಇದೆ. ಮೊದಲು ಒಂದು ವಿಷಯ ಆಳವಾಗಿ ಕಲಿಯಲಿ, ಗಡಿ ಆಮೇಲೆ ದಾಟಲಿ ಎನ್ನುವ ಹಿರಿಯರು ಬಹಳ. ರಾಮಚಂದ್ರನ್, ರೆಡ್ಡಿ, ವೆಂಕಿ ಮೂವರೂ ಅವರ ಕಡೆಗೇ ಸಾಕ್ಷಿ ಹೇಳುತ್ತಾರೆ. 2024ರಲ್ಲಿ ಪ್ರೋಟೀನ್ ರಚನೆಗೆ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜಾನ್ ಜಂಪರ್ ಭೌತಶಾಸ್ತ್ರ-ಗಣಿತ ಓದಿ, ಸೈದ್ಧಾಂತಿಕ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವರು. ಅದೂ ಒಂದು ಹೆಸರಿನ ಪಿಎಚ್‌.ಡಿ.ಯೇ. ಜೊತೆಗೆ ಪ್ರಶಸ್ತಿ ಪಡೆದ ಡೆಮಿಸ್ ಹಸಾಬಿಸ್ ಮಾತ್ರ ಕಂಪ್ಯೂಟರ್ ಓದಿ, ಆಮೇಲೆ ಮಿದುಳಿನ ವಿಜ್ಞಾನದಲ್ಲಿ ಪಿಎಚ್‌.ಡಿ.ಗೆ ಹೋದರು. ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಎರಡನ್ನೂ ಅರೆಬರೆ ಕಲಿತು ಬರುವ ಅಪಾಯ ನಿಜ. ಎರಡೂ ಕಡೆಯ ಪರೀಕ್ಷಕರು ‘ನಮ್ಮ ಭಾಗ ಸ್ವಲ್ಪ ತೆಳು, ಇನ್ನೊಂದು ಭಾಗ ಚೆನ್ನಾಗಿರಬೇಕು’ ಎಂದುಕೊಂಡು ಬಿಟ್ಟುಬಿಡುವ ಥೀಸಿಸ್‌ಗಳೂ ಉಂಟು. ಆದರೆ ಆ ವಾದದ ಇನ್ನರ್ಧ ಕಾಲವನ್ನು ಮರೆತಿದೆ. ಪಿಎಚ್‌.ಡಿ. ಮುಗಿಸಿ ಮೂವತ್ತಕ್ಕೆ ಬರುತ್ತಾರೆ, ಎರಡು ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡಿ ಮೂವತ್ತೈದು ದಾಟುತ್ತಾರೆ. ಗಡಿ ದಾಟಲು ಅಷ್ಟು ಕಾಯಿರಿ ಎಂದರೆ ದಾಟುವ ಚೈತನ್ಯ ಯಾರಲ್ಲಿ ಉಳಿದಿರುತ್ತದೆ?

ಸಣ್ಣ ಬದಲಾವಣೆಗಳು ಆಗುತ್ತಿವೆ. ಎಂ.ಟೆಕ್.ನಂಥ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಒಬ್ಬರೇ ಎರಡು ಪೇಪರ್ ಬರೆಯಬಹುದು. 2020ರಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್, 2021ರಲ್ಲಿ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್, 2024ರಲ್ಲಿ ಡೇಟಾ ಸೈನ್ಸ್ ಮತ್ತು ಎಐ ಪೇಪರ್‌ಗಳು ಸೇರಿಕೊಂಡವು. ಅರ್ಜಿಯಲ್ಲಿ ಎರಡನೇ ಕಾಲಂ ಇಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ಫೆಲೋಶಿಪ್‌ಗೆ, ಮೊದಲಿನ ವಿಷಯ ಬಿಟ್ಟು ಬಂದವರಿಗೆಂದೇ ಆರನೇ ವರ್ಷ ಸೇರಿಸುವುದೂ ಕಷ್ಟವಲ್ಲ. ಪೇಪರಿನಲ್ಲಿ ಇಬ್ಬರು ಗೈಡ್‌ಗಳ ಹೆಸರಿನ ಸಾಲು, ಪ್ರಾಜೆಕ್ಟಿನ ಖರ್ಚು, ಕೂರುವ ಜಾಗ ಇವನ್ನು ಪ್ರವೇಶದ ದಿನವೇ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕುವುದಕ್ಕಂತೂ ಒಂದು ರೂಪಾಯಿಯೂ ಖರ್ಚಿಲ್ಲ.

ಅಲ್ಲಿಯವರೆಗೆ, ಇಂಥ ಪಿಎಚ್‌.ಡಿ.ಗೆ ಸೇರಲು ಹೊರಟವರು ಸೇರುವ ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಈ ಇಬ್ಬರು ಗೈಡ್ ಹಿಂದೆ ಒಟ್ಟಿಗೆ ಒಂದಾದರೂ ಪೇಪರ್ ಬರೆದಿದ್ದಾರಾ? ಐದು ವರ್ಷ ಮುಗಿದ ಮೇಲೂ ಕೆಲಸ ಉಳಿದವರಿಗೆ ದುಡ್ಡು ಎಲ್ಲಿಂದ ಬಂತು? ಹಿಂದೆ ಮುಗಿಸಿದವರು ಈಗ ಎಲ್ಲಿದ್ದಾರೆ, ಯಾವ ವಿಭಾಗದಲ್ಲಿ? ವೆಬ್‌ಸೈಟಿನಲ್ಲಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ, ಸಂದರ್ಶನದಲ್ಲಿ ಕೇಳಲು ಧೈರ್ಯ ಬರುವುದಿಲ್ಲ. ಆ ಲ್ಯಾಬಿನ ನಾಲ್ಕನೇ ವರ್ಷದ ವಿದ್ಯಾರ್ಥಿ ಯಾರಾದರೂ ಇದ್ದರೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಒಂದು ಕಾಫಿ ಕೊಡಿಸಿ ಕೇಳಿ. ಮೊದಲ ವರ್ಷದವರನ್ನು ಕೇಳಬೇಡಿ. ಅವರಿನ್ನೂ ಖುಷಿಯಲ್ಲಿರುತ್ತಾರೆ.